ಹಳೆಯ ಬೈಕಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ದೋಷವನ್ನು ಹಂತ ಹಂತವಾಗಿ ಹುಡುಕುವ ಸಮಗ್ರ ಮಾರ್ಗದರ್ಶಿ

ಹೊಸ ಬ್ಯಾಟರಿ ಹಾಕಿಸಿದ ತಿಂಗಳೊಳಗೇ ಸೆಲ್ಫ್ ಮತ್ತೆ ಕಟಕಟ ಎನ್ನುತ್ತದೆ, ಹಾರ್ನ್ ಧ್ವನಿ ಕುಗ್ಗುತ್ತದೆ, ಇಂಡಿಕೇಟರ್ ಮಿನುಗದೆ ಮಂಕಾಗಿ ನಿಂತುಬಿಡುತ್ತದೆ ಎಂಬ ದೂರನ್ನು ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಂದ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಬಹುತೇಕರು ಮೊದಲು ಬ್ಯಾಟರಿ ಬದಲಿಸಿರುತ್ತಾರೆ. ಅದು ಕೈಕೊಟ್ಟಾಗ ರೆಕ್ಟಿಫೈಯರ್ ಬದಲಿಸಿರುತ್ತಾರೆ. ಅದಕ್ಕೂ ಬಗ್ಗದಿದ್ದಾಗ ಮ್ಯಾಗ್ನೆಟ್ ಕಾಯಿಲ್ ಬಿಚ್ಚಿಸಿರುತ್ತಾರೆ. ಇಷ್ಟೆಲ್ಲ ಖರ್ಚಿನ ನಂತರವೂ ದೋಷ ಇದ್ದಲ್ಲೇ ಇರುತ್ತದೆ, ಏಕೆಂದರೆ ಎಲ್ಲಿಯೂ ಅಳತೆ ತೆಗೆದಿರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಬೇಕು. ಒಂದು ಹಂತದ ಉತ್ತರ ಸಿಗದೆ ಮುಂದಿನದಕ್ಕೆ ಹೋದರೆ ಆ ಮುಂದಿನ ಅಳತೆಗೆ ಅರ್ಥವೇ ಇರುವುದಿಲ್ಲ.

## ಮೊದಲು ತಿಳಿಯಬೇಕಾದದ್ದು: ನಿಮ್ಮ ಗಾಡಿ ಯಾವ ಬಗೆಯದು

ಎಂಜಿನ್ ತಿರುಗಿದಾಗ ಮ್ಯಾಗ್ನೆಟ್ ತಿರುಗುತ್ತದೆ, ಅದರೊಳಗಿನ ಸ್ಟೇಟರ್ ಕಾಯಿಲ್‌ನಲ್ಲಿ ಎಸಿ ವಿದ್ಯುತ್ ಹುಟ್ಟುತ್ತದೆ, ರೆಕ್ಟಿಫೈಯರ್-ರೆಗ್ಯುಲೇಟರ್ ಅದನ್ನು ಡಿಸಿಗೆ ತಿರುಗಿಸಿ ಮಿತಿಯೊಳಗಿಟ್ಟು ಬ್ಯಾಟರಿಗೆ ಕಳುಹಿಸುತ್ತದೆ. ಕೆಲವು ಹಳೆಯ ಬುಲೆಟ್‌ಗಳಲ್ಲಿ ರೆಕ್ಟಿಫೈಯರ್ ಮತ್ತು ರೆಗ್ಯುಲೇಟರ್ ಎರಡು ಬೇರೆ ಬೇರೆ ಡಬ್ಬಿಗಳಾಗಿರುತ್ತವೆ. ಉಳಿದ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೇ.

ಎರಡು ಬಗೆಯ ವ್ಯವಸ್ಥೆಗಳನ್ನು ಗುರುತಿಸಿಕೊಳ್ಳದೆ ಪರೀಕ್ಷೆಗೆ ಇಳಿಯಬಾರದು. ಹೀರೋ ಹೋಂಡಾ ಸಿಡಿ 100, ಸ್ಪ್ಲೆಂಡರ್‌ನಂತಹ ಹಳೆಯ ಗಾಡಿಗಳಲ್ಲಿ ಕಾಯಿಲ್‌ನ ಒಂದು ತುದಿ ಬಾಡಿಗೆ (ಎಂಜಿನ್-ಫ್ರೇಮಿನ ಲೋಹಕ್ಕೆ) ಅರ್ಥ್ ಆಗಿರುತ್ತದೆ. ಬಿಳಿ ವೈರು ಬ್ಯಾಟರಿ ಚಾರ್ಜಿಂಗಿಗೆ, ಹಳದಿ ವೈರು ಹೆಡ್‌ಲೈಟಿಗೆ, ಕೆಂಪು ಬ್ಯಾಟರಿಯ ಪಾಸಿಟಿವ್‌ಗೆ, ಹಸಿರು ಅರ್ಥ್‌ಗೆ. ಇಂತಹ ಗಾಡಿಯಲ್ಲಿ ಹೆಡ್‌ಲೈಟು ನೇರವಾಗಿ ಕಾಯಿಲ್‌ನಿಂದ ಉರಿಯುತ್ತದೆ. ಇನ್ನೊಂದು ಬಗೆಯಲ್ಲಿ ಕಾಯಿಲ್‌ನಿಂದ ಒಂದೇ ಬಣ್ಣದ ಮೂರು ವೈರುಗಳು ಬರುತ್ತವೆ, ಯಾವುದೂ ಬಾಡಿಗೆ ತಾಗಿರುವುದಿಲ್ಲ. ಇದು ತ್ರೀ ಫೇಸ್. ಇದರಲ್ಲಿ ಸಾಮಾನ್ಯವಾಗಿ ಲೈಟುಗಳೆಲ್ಲ ಬ್ಯಾಟರಿಯ ಡಿಸಿಯಿಂದ ಉರಿಯುತ್ತವೆ.

ಈ ವ್ಯತ್ಯಾಸದಿಂದಲೇ ಎರಡು ತಪ್ಪು ತೀರ್ಮಾನಗಳು ಹುಟ್ಟುತ್ತವೆ. “ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿದೆ, ಹಾಗಾಗಿ ಚಾರ್ಜಿಂಗ್ ಸರಿ ಇದೆ” ಎಂಬುದು ಮೊದಲ ಬಗೆಯ ಗಾಡಿಗೆ ಅನ್ವಯಿಸುವುದಿಲ್ಲ. “ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ” ಎಂಬುದೂ ಸಾಕ್ಷಿಯಲ್ಲ. ಎಸಿ ಸಿಡಿಐ (ಬ್ಯಾಟರಿಯ ನೆರವಿಲ್ಲದೆ ಕಿಡಿ ಕೊಡುವ ಇಗ್ನಿಷನ್ ಡಬ್ಬಿ) ಇರುವ ಗಾಡಿಗಳಿಗೆ ಕಿಡಿ ಬರುವುದು ಮ್ಯಾಗ್ನೆಟ್ಟಿನ ಬೇರೊಂದು ಕಾಯಿಲ್‌ನಿಂದ, ಬ್ಯಾಟರಿ ಪೂರ್ತಿ ಸತ್ತಿದ್ದರೂ ಅವು ಓಡುತ್ತವೆ.

ರಾಜದೂತ್‌ನಂತಹ ಹಳೆಯ ಗಾಡಿಗಳು 6 ವೋಲ್ಟಿನವು. ಇಲ್ಲಿನ ಅಂಕಿಗಳೆಲ್ಲ 12 ವೋಲ್ಟಿಗೆ ಕೊಟ್ಟವು. 6 ವೋಲ್ಟಿನ ಗಾಡಿಗೆ ಬ್ಯಾಟರಿ ಮತ್ತು ಚಾರ್ಜಿಂಗ್ ವೋಲ್ಟೇಜಿನ ಅಂಕಿಗಳನ್ನು ಅರ್ಧ ಮಾಡಿಕೊಳ್ಳಿ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಕಡಿಮೆ ಬೆಲೆಯದೂ ನಡೆಯುತ್ತದೆ, ಆದರೆ ಅದರೊಳಗಿನ ಬ್ಯಾಟರಿ ಇಳಿದಿದ್ದರೆ ಅಂತಹ ಮೀಟರು ನಿಜಕ್ಕಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತದೆ. ಆದ್ದರಿಂದ ಮೊದಲು ಮೀಟರಿಗೆ ಹೊಸ ಬ್ಯಾಟರಿ ಹಾಕಿ, ಚೆನ್ನಾಗಿರುವ ಇನ್ನೊಂದು ಗಾಡಿಯ ಬ್ಯಾಟರಿಯ ಮೇಲೆ ಒಮ್ಮೆ ಅಳೆದು ನೋಡಿ.

ಇದರ ಜೊತೆಗೆ 8 ಮತ್ತು 10ರ ಪಾನಾ, ಸ್ಕ್ರೂಡ್ರೈವರ್, ಸಣ್ಣ ಉಪ್ಪುಕಾಗದ, ಹಳೆಯ ಟೂತ್‌ಬ್ರಷ್, ಅಡುಗೆ ಸೋಡಾ, ವ್ಯಾಸಲೀನ್, ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಚಾರ್ಜರ್ ಬೇಕು. ನೀರು ಹಾಕುವ ಬ್ಯಾಟರಿಯಾಗಿದ್ದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಒಳ್ಳೆಯದು. ಆಸಿಡ್ ಮುಟ್ಟುವಾಗ ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಈ ಕ್ರಮ ತಪ್ಪಿದರೆ ಪಾನಾ ಪಾಸಿಟಿವ್‌ನಿಂದ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ, ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳಲು ಅಷ್ಟು ಸಾಕು.

## ಹಂತ 1: ಬ್ಯಾಟರಿಯ ಸ್ಥಿತಿ ನಿರ್ಧರಿಸಿ

ಕೆಟ್ಟ ಬ್ಯಾಟರಿ ಗಾಡಿಯಲ್ಲಿದ್ದರೆ ಮುಂದಿನ ಎಲ್ಲ ಅಳತೆಗಳೂ ದಾರಿ ತಪ್ಪಿಸುತ್ತವೆ. ಆದ್ದರಿಂದ ಬ್ಯಾಟರಿಯನ್ನು ಬಿಚ್ಚಿ ಹೊರಗಿನ ಚಾರ್ಜರಿನಿಂದ ಪೂರ್ತಿ ಚಾರ್ಜ್ ಮಾಡಿ. ಕರೆಂಟು ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದಷ್ಟಿರಲಿ: 9 ಎಎಚ್ ಬ್ಯಾಟರಿಗೆ 0.9 ಆಂಪಿಯರ್, ಕಿಕ್ ಮಾತ್ರ ಇರುವ ಸ್ಪ್ಲೆಂಡರಿನ 2.5 ಎಎಚ್ ಬ್ಯಾಟರಿಗೆ 0.25 ಆಂಪಿಯರ್. ಲಾರಿ, ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿ ಬೈಕಿನ ಬ್ಯಾಟರಿಯನ್ನೂ ಇಟ್ಟು ಒಂದೇ ಚಾರ್ಜರಿಗೆ ಸಿಕ್ಕಿಸುವ ಅಂಗಡಿಗೆ ಕೊಟ್ಟರೆ ಪ್ಲೇಟುಗಳು ಬಾಗುತ್ತವೆ.

ಚಾರ್ಜ್ ಆದ ನಂತರ ಕೆಲವು ಗಂಟೆ ಹಾಗೆಯೇ ಬಿಟ್ಟು ಅಳೆಯಿರಿ. 12.6ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2ರ ಸುತ್ತ ನಿಂತರೆ ಅರ್ಧ ಮಾತ್ರ. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ಇದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದಕ್ಕೆ ಚಿಕಿತ್ಸೆಯಿಲ್ಲ. ನಂತರ ಗಾಡಿಗೆ ಜೋಡಿಸಿ, ಮೀಟರಿನ ಕಡ್ಡಿಗಳನ್ನು ಟರ್ಮಿನಲ್ ಮೇಲೆ ಹಿಡಿದುಕೊಂಡೇ ಸೆಲ್ಫ್ ಒತ್ತಿಸಿ. ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ತೋರಿಕೆಯ 12.6ಕ್ಕೆ ಬೆಲೆಯಿಲ್ಲ.

ನೀರು ಹಾಕುವ ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್‌ನ ಸಾಂದ್ರತೆ 1.26ರಿಂದ 1.28 ಇರಬೇಕು; ಒಂದು ಸೆಲ್ ಉಳಿದವುಗಳಿಗಿಂತ 0.05ರಷ್ಟು ಕಡಿಮೆ ಇದ್ದರೆ ಅದೇ ರೋಗದ ಮೂಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿದಾಗ ನೀರು ಬೇಗ ಆರುತ್ತದೆ, ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಲೇಬೇಕು. ಆಗ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ ಎಂಬುದು ಹಲವರಿಗೆ ಗೊತ್ತು, ಆದರೆ ಕುಡಿಯುವ ಕ್ಯಾನಿನ ಆರ್‌ಓ ನೀರು ಶುದ್ಧವೆಂದು ಅದನ್ನೇ ಸುರಿಯುವವರು ಬಹಳ. ಅದರಲ್ಲಿಯೂ ಲವಣಗಳಿರುತ್ತವೆ. ಆಸಿಡ್ ಅಂತೂ ಹಾಕಲೇಬಾರದು. ಆರಿಹೋಗುವುದು ನೀರು, ಆಸಿಡ್ ಅಲ್ಲ.

## ಹಂತ 2: ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆಯಿರಿ

ಇದು ಇಡೀ ಪರೀಕ್ಷೆಯ ಕವಲುದಾರಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಎಂಜಿನ್ ಬಿಸಿಯಾದ ನಂತರ ಐಡಲ್‌ನಲ್ಲಿ ಒಮ್ಮೆ, ರೇಸ್ ಕೊಟ್ಟು ಸುಮಾರು 4,000 ಆರ್‌ಪಿಎಂನಲ್ಲಿ ಇನ್ನೊಮ್ಮೆ, ಹೆಡ್‌ಲೈಟು ಹಾಕಿ ಮತ್ತೊಮ್ಮೆ ಬರೆದಿಟ್ಟುಕೊಳ್ಳಿ.

ರೇಸ್‌ನಲ್ಲಿ 13.5ರಿಂದ 14.7ರ ನಡುವೆ ನಿಂತರೆ ಚಾರ್ಜಿಂಗ್ ಸರಿ ಇದೆ. ಬ್ಯಾಟರಿ ಇಳಿಯಲು ಬೇರೆ ಕಾರಣವಿದೆ, ನೇರವಾಗಿ 6ನೇ ಹಂತಕ್ಕೆ ಹೋಗಿ. ಐಡಲ್‌ನಲ್ಲಿ 12.5ರ ಸುತ್ತ ಇದ್ದು ರೇಸ್‌ನಲ್ಲಿ ಏರಿದರೆ ಹಳೆಯ ಗಾಡಿಗೆ ಅದು ದೋಷವಲ್ಲ. ರೇಸ್ ಕೊಟ್ಟರೂ ವೋಲ್ಟೇಜು ಏರದೆ, ಎಂಜಿನ್ ನಿಲ್ಲಿಸಿದ್ದಾಗ ಇದ್ದಲ್ಲೇ ನಿಂತರೆ ಅಥವಾ ನಿಧಾನವಾಗಿ ಇಳಿಯುತ್ತಿದ್ದರೆ ಬ್ಯಾಟರಿಗೆ ಏನೂ ತಲುಪುತ್ತಿಲ್ಲ. 3ನೇ ಹಂತಕ್ಕೆ ಬನ್ನಿ.

15 ವೋಲ್ಟ್ ದಾಟಿದರೆ ಅಲ್ಲಿಗೇ ಎಂಜಿನ್ ನಿಲ್ಲಿಸಿ. ಮತ್ತೆ ಮತ್ತೆ ಬಲ್ಬು ಹಾರುವುದು, ನೀರು ವಾರದೊಳಗೆ ಆರುವುದು, ಬ್ಯಾಟರಿಯ ಹೊಟ್ಟೆ ಉಬ್ಬುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಎಲ್ಲ ಇದರ ಲಕ್ಷಣಗಳೇ. ಸಾಮಾನ್ಯ ಕಾರಣ ಸುಟ್ಟ ರೆಗ್ಯುಲೇಟರ್ ಅಥವಾ ಅದರ ಅರ್ಥ್ ತಪ್ಪಿರುವುದು. ಆದರೆ ಕೆಲವು ಗಾಡಿಗಳಲ್ಲಿ ರೆಗ್ಯುಲೇಟರಿಗೆ ಇಗ್ನಿಷನ್ ಸ್ವಿಚ್ ಮೂಲಕ ವೋಲ್ಟೇಜ್ ‘ನೋಡುವ’ ಪ್ರತ್ಯೇಕ ವೈರು ಬರುತ್ತದೆ. ಸ್ವಿಚ್ಚಿನೊಳಗೆ ಕಿಲುಬು ಹಿಡಿದು ಆ ವೈರಿನಲ್ಲಿ 1 ವೋಲ್ಟ್ ಕಡಿಮೆಯಾದರೆ, ಬ್ಯಾಟರಿ ಇನ್ನೂ ತುಂಬಿಲ್ಲವೆಂದು ತಿಳಿದು ರೆಗ್ಯುಲೇಟರ್ 1 ವೋಲ್ಟ್ ಹೆಚ್ಚು ಬಿಡುತ್ತದೆ. ಹೊಸ ರೆಗ್ಯುಲೇಟರ್ ಹಾಕಿದರೂ ಈ ದೋಷ ಹೋಗುವುದಿಲ್ಲ. ಆ ವೈರಿನ ವೋಲ್ಟೇಜನ್ನೂ ಬ್ಯಾಟರಿಯದನ್ನೂ ಹೋಲಿಸಿ ನೋಡಿದರೆ ತಿಳಿಯುತ್ತದೆ.

ಹಳೆಯ ಬುಲೆಟ್ಟಿನ ಹೆಡ್‌ಲೈಟಿನ ಮೇಲಿರುವ ಆಮೀಟರ್ ಕೆಲಸ ಮಾಡುತ್ತಿದ್ದರೆ ಅದನ್ನು ನೋಡಲು ಕಲಿಯಿರಿ. ಕೀ ತಿರುಗಿಸಿದಾಗ ಮುಳ್ಳು ಮೈನಸ್ ಕಡೆ ವಾಲಬೇಕು, ಎಂಜಿನ್ ವೇಗ ಪಡೆದಾಗ ನಡುವಿನ ಗೆರೆ ದಾಟಿ ಪ್ಲಸ್ ಕಡೆ ಬರಬೇಕು. ದಾರಿಯಲ್ಲಿ ಓಡುವಾಗಲೂ ಮುಳ್ಳು ಮೈನಸ್‌ನಲ್ಲೇ ಇದ್ದರೆ ಊರು ಮುಟ್ಟುವವರೆಗೆ ಲೈಟು, ಹಾರ್ನ್ ಬಳಕೆ ಕಡಿಮೆ ಮಾಡಿ, ಏಕೆಂದರೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಸಂಪರ್ಕ) ಇರುವ ಆ ಗಾಡಿಗೆ ಕಿಡಿಯೂ ಬ್ಯಾಟರಿಯಿಂದಲೇ ಬರುತ್ತದೆ.

ಎಂದಿಗೂ ಮಾಡಬಾರದ ಪರೀಕ್ಷೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು “ಗಾಡಿ ಬಂದ್ ಆಗಲಿಲ್ಲ, ಚಾರ್ಜಿಂಗ್ ಸರಿ ಇದೆ” ಎನ್ನುವ ಪದ್ಧತಿ ಇನ್ನೂ ಹಲವು ಕಡೆ ಇದೆ. ಬ್ಯಾಟರಿ ಇಲ್ಲದ ಕ್ಷಣದಲ್ಲಿ ವೋಲ್ಟೇಜು ಒಮ್ಮೆಲೇ ಜಿಗಿದು ಬಲ್ಬು, ಸಿಡಿಐ, ರೆಗ್ಯುಲೇಟರ್ ಸುಡಬಹುದು. ನಿಮ್ಮ ಗಾಡಿಗೆ ಯಾರಾದರೂ ಹೀಗೆ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ.

## ಹಂತ 3: ಫ್ಯೂಸು, ಕಪ್ಲರ್, ಅರ್ಥ್

ಹಳೆಯ ಗಾಡಿಯಲ್ಲಿ ದೋಷ ಹೆಚ್ಚಾಗಿ ಸಿಗುವುದು ಇಲ್ಲಿಯೇ, ಆದರೆ ಜನ ಅತಿ ಬೇಗ ದಾಟಿ ಹೋಗುವುದೂ ಇದನ್ನೇ. ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲು-ಸಿಮೆಂಟಿನ ಧೂಳು, ಮಳೆಗಾಲದ ಎರೆಮಣ್ಣು, ಸುರಪುರ-ಶಹಾಪುರ ಕಡೆಯ ಗದ್ದೆಯ ಕೆಸರು ವೈರುಗಳ ಸಂದಿಗೆ ಸೇರುತ್ತವೆ. ಅದನ್ನು ತೆಗೆಯಲು ವಾಟರ್ ಸರ್ವಿಸಿನಲ್ಲಿ ಜೋರಾಗಿ ನೀರು ಹೊಡೆದಾಗ ಧೂಳಿನ ಜೊತೆ ತೇವವೂ ಕಪ್ಲರಿನೊಳಗೆ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗಿನೊಳಗೆ) ನಿಲ್ಲುತ್ತದೆ.

ಮೊದಲು ಫ್ಯೂಸು. ಕಣ್ಣಿಗೆ ಸರಿ ಕಂಡರೆ ಸಾಲದು. ತೆಗೆದು, ಮೀಟರನ್ನು ಕಂಟಿನ್ಯುಟಿ ಸ್ಥಾನಕ್ಕೆ (ಸಂಪರ್ಕವಿದ್ದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು ಬೀಪ್ ನೋಡಿ, ಹೋಲ್ಡರಿನ ಕ್ಲಿಪ್ಪುಗಳು ಸಡಿಲವಾಗಿವೆಯೇ ನೋಡಿ. ಫ್ಯೂಸಿನ ಬದಲು ತಂತಿ ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಕಂಡರೆ ತಕ್ಷಣ ತೆಗೆದು ಸರಿಯಾದ ಆಂಪಿಯರಿನ ಫ್ಯೂಸು ಹಾಕಿ.

ನಂತರ ರೆಕ್ಟಿಫೈಯರಿನ ಕಪ್ಲರನ್ನು ಕಳಚಿ ಬಿಸಿಲಿಗೆ ಹಿಡಿದು ನೋಡಿ. ಬಿಳಿ ಪ್ಲಾಸ್ಟಿಕ್ಕು ಒಂದು ತೂತಿನ ಸುತ್ತ ಮಾತ್ರ ಕಂದುಬಣ್ಣಕ್ಕೆ ತಿರುಗಿದ್ದರೆ, ಆ ಪಿನ್ನಿನ ಹಿತ್ತಾಳೆ ಹೊಳಪು ಕಳೆದುಕೊಂಡು ನೀಲಿ-ಕಪ್ಪಾಗಿದ್ದರೆ, ವೈರಿನ ಮೇಲಿನ ರಬ್ಬರು ಒಂದು ಬೆರಳಿನಷ್ಟು ದೂರ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ದೋಷ ಸಿಕ್ಕಿದೆ. ಸಡಿಲ ಪಿನ್ನು ಬಿಸಿಯಾಗುತ್ತದೆ, ಬಿಸಿಯಾದ ಪಿನ್ನು ಇನ್ನಷ್ಟು ಸಡಿಲವಾಗುತ್ತದೆ; ಉಪ್ಪುಕಾಗದದಿಂದ ಉಜ್ಜಿದರೆ ಕೆಲವು ದಿನ ನಡೆಯುತ್ತದೆ, ಅಷ್ಟೆ. ಆ ಕಪ್ಲರನ್ನೇ ಬದಲಿಸಬೇಕು. ವೈರು ಜೋಡಿಸುವಾಗ ಹೊಸೆದು ಟೇಪ್ ಸುತ್ತಬೇಡಿ. ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಆ ಅಂಟಿಗೆ ಧೂಳು ಮೆತ್ತುತ್ತದೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ.

ಕಣ್ಣಿಗೆ ಎಲ್ಲ ಸರಿ ಕಂಡರೂ ವೋಲ್ಟೇಜ್ ಡ್ರಾಪ್ ಪರೀಕ್ಷೆ ಮಾಡಲೇಬೇಕು. ಎಂಜಿನ್ ರೇಸ್‌ನಲ್ಲಿರುವಾಗ, ಕಪ್ಲರನ್ನು ಕಳಚದೆ, ಮೀಟರಿನ ಒಂದು ಕಡ್ಡಿಯನ್ನು ರೆಕ್ಟಿಫೈಯರಿನ ಔಟ್‌ಪುಟ್ ವೈರಿನ ಪಿನ್ನಿಗೆ ಹಿಂದಿನಿಂದ ತಾಗಿಸಿ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೆ ಇಡಿ. ಎರಡೂ ಒಂದೇ ಬಿಂದುವಾಗಬೇಕಾದವು, ಆದ್ದರಿಂದ 0.2ರಿಂದ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಹಾಗೆಯೇ ಬ್ಯಾಟರಿಯ ನೆಗೆಟಿವ್‌ನಿಂದ ರೆಕ್ಟಿಫೈಯರಿನ ಅರ್ಥ್ ಪಿನ್ನಿಗೆ, ಅಲ್ಲಿಂದ ಎಂಜಿನ್ನಿನ ಬಾಡಿಗೆ ಅಳೆಯಿರಿ. ಎಂಜಿನ್ ನಿಲ್ಲಿಸಿ ಬೀಪ್ ಪರೀಕ್ಷೆ ಮಾಡಿ ವೈರು ಸರಿ ಇದೆ ಎನ್ನುವುದು ಸಾಲದು, ಏಕೆಂದರೆ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಕರೆಂಟು ಹರಿಯುವಾಗ ಮಾತ್ರ ಆ ದುರ್ಬಲ ಜಾಗ ಹೊರಬೀಳುತ್ತದೆ. ಫ್ರೇಮಿಗೆ ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಅರ್ಥ್ ಬೋಲ್ಟಿನ ಕೆಳಗಿನ ಬಣ್ಣವನ್ನು ಕೆರೆಯದಿರುವುದೇ ಹಲವು ಸಲ ಮೂಲ ಕಾರಣ.

ಬ್ಯಾಟರಿ ಟರ್ಮಿನಲ್ಲಿನ ಬಿಳಿ-ಹಸಿರು ಹಿಟ್ಟನ್ನು ಸೋಡಾ ನೀರಿನಿಂದ ತೊಳೆದು ಒರೆಸಿ, ಬೋಲ್ಟ್ ಬಿಗಿ ಮಾಡಿ, ವ್ಯಾಸಲೀನ್ ಸವರಿ. ಸೋಡಾ ನೀರು ಸೆಲ್‌ನೊಳಗೆ ಹೋಗದಿರಲಿ. ಇಷ್ಟಾದ ಮೇಲೆ 2ನೇ ಹಂತವನ್ನು ಮತ್ತೊಮ್ಮೆ ಮಾಡಿ. ಬಹಳಷ್ಟು ಗಾಡಿಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ.

## ಹಂತ 4: ಸ್ಟೇಟರ್ ಕಾಯಿಲ್

ಮ್ಯಾಗ್ನೆಟ್ ಕವರ್ ಬಿಚ್ಚುವ ಅಗತ್ಯ ಇನ್ನೂ ಬಂದಿಲ್ಲ. ಎಂಜಿನ್ನಿನಿಂದ ಮೇಲೆ ಬರುವ ವೈರುಗಳ ಕಪ್ಲರ್ ಕಳಚಿ, ಎಂಜಿನ್ ಕಡೆಯ ಭಾಗದಲ್ಲೇ ಅಳೆಯಬಹುದು.

ಕಾಯಿಲ್‌ನ ಓಮ್ ಬಹಳ ಚಿಕ್ಕದು, ಹಲವು ಗಾಡಿಗಳಲ್ಲಿ 1 ಓಮ್‌ನ ಆಸುಪಾಸು. ಆದ್ದರಿಂದ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ 0.2 ಅಥವಾ 0.3ನ್ನು ಬರೆದುಕೊಂಡು, ಮುಂದಿನ ಅಳತೆಗಳಿಂದ ಕಳೆಯಿರಿ. ತ್ರೀ ಫೇಸ್ ಕಾಯಿಲ್‌ನಲ್ಲಿ ಮೂರು ಜೋಡಿಗಳೂ ಒಂದೇ ಅಂಕಿ ತೋರಿಸಬೇಕು ಮತ್ತು ಯಾವ ವೈರೂ ಬಾಡಿಗೆ ತಾಗಬಾರದು. ಬಾಡಿಗೆ ಬೀಪ್ ಬಂದರೆ ಕಾಯಿಲ್ ಸುಟ್ಟಿದೆ. ಸ್ಪ್ಲೆಂಡರ್ ಬಗೆಯ ಗಾಡಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಳಿ ಮತ್ತು ಹಳದಿ ವೈರುಗಳು ಬಾಡಿಗೆ ಬೀಪ್ ಕೊಡುವುದೇ ಸರಿಯಾದ ಸ್ಥಿತಿ, ಬೀಪ್ ಬರದಿದ್ದರೆ ಕಾಯಿಲ್ ತುಂಡಾಗಿದೆ. ಈ ವ್ಯತ್ಯಾಸ ತಿಳಿಯದೆ ಚೆನ್ನಾಗಿದ್ದ ಕಾಯಿಲ್‌ಗಳನ್ನು ಬಿಸಾಡಿದವರಿದ್ದಾರೆ.

ಓಮ್ ಸರಿ ಇದ್ದರೂ ಎಸಿ ಪರೀಕ್ಷೆ ಬೇಕು. ಕಪ್ಲರ್ ಕಳಚಿದಂತೆಯೇ ಎಂಜಿನ್ ಸ್ಟಾರ್ಟ್ ಮಾಡಿ, ಮೀಟರನ್ನು ಎಸಿ 200 ವೋಲ್ಟಿಗೆ ಇಟ್ಟು ತ್ರೀ ಫೇಸ್‌ನಲ್ಲಿ ಮೂರು ಜೋಡಿಗಳ ನಡುವೆ, ಇನ್ನೊಂದು ಬಗೆಯಲ್ಲಿ ಬಿಳಿ ವೈರು ಮತ್ತು ಬಾಡಿಯ ನಡುವೆ ಅಳೆಯಿರಿ. ರೇಸ್ ಏರಿದಂತೆ ವೋಲ್ಟೇಜು ಸಮನಾಗಿ ಏರಬೇಕು. ಕಂಪನಿಯ ಮ್ಯಾನ್ಯುಯಲ್ಲಿನ ಅಂಕಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೂ ಮೂರು ಜೋಡಿಗಳಲ್ಲಿ ಒಂದು ಹಿಂದೆ ಬಿದ್ದರೆ ತೀರ್ಪು ಸ್ಪಷ್ಟ. ವೈರು ಮುಟ್ಟಬೇಡಿ: ರೇಸ್‌ನಲ್ಲಿ ಈ ವೋಲ್ಟೇಜು ಶಾಕ್ ಕೊಡುವಷ್ಟು ಏರುತ್ತದೆ. ತಣ್ಣಗಿರುವಾಗ ಪಾಸಾಗಿ, ಎಂಜಿನ್ ಕಾದ ಮೇಲೆ ಫೇಲಾಗುವ ಕಾಯಿಲ್‌ಗಳೂ ಇವೆ, ಆದ್ದರಿಂದ ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಅಳೆಯಿರಿ.

ಕಾಯಿಲ್ ತೆಗೆಯಲೇಬೇಕಾದರೆ ಮ್ಯಾಗ್ನೆಟ್ಟನ್ನು ಅದರದೇ ಪುಲ್ಲರಿನಿಂದ ಎಳೆಯಿಸಿ. ಸುತ್ತಿಗೆ ಏಟಿಗೆ ಮ್ಯಾಗ್ನೆಟ್ಟಿನ ಶಕ್ತಿ ಕುಂದಬಹುದು, ಕ್ರ್ಯಾಂಕ್ ಬಾಗಬಹುದು. ಕೆಲವು ಎಂಜಿನ್‌ಗಳಲ್ಲಿ ಆ ಕವರಿನೊಳಗೆ ಆಯಿಲ್ ಇರುತ್ತದೆ, ಮೊದಲು ಇಳಿಸಿಕೊಳ್ಳಿ. ರೀವೈಂಡಿಂಗಿಗೆ ಕೊಡುವಾಗ ಹಳೆಯ ತಂತಿಯ ಗೇಜು ಮತ್ತು ಸುತ್ತುಗಳ ಸಂಖ್ಯೆ ಅಷ್ಟೇ ಇರಬೇಕೆಂದು, ಬಿಸಿ ತಡೆಯುವ ಎನಾಮಲ್ ತಂತಿಯೇ ಬೇಕೆಂದು ಕೇಳಿ ಬರೆಸಿಕೊಳ್ಳಿ.

## ಹಂತ 5: ರೆಕ್ಟಿಫೈಯರ್-ರೆಗ್ಯುಲೇಟರ್

ತ್ರೀ ಫೇಸ್ ಡಬ್ಬಿಯೊಳಗಿನ ಡಯೋಡುಗಳನ್ನು (ಒಂದೇ ದಿಕ್ಕಿಗೆ ಕರೆಂಟು ಬಿಡುವ ಭಾಗಗಳನ್ನು) ಮೀಟರಿನ ಡಯೋಡ್ ಸ್ಥಾನದಲ್ಲಿ ನೋಡಬಹುದು. ಪ್ರತಿ ಕಾಯಿಲ್ ಪಿನ್ನಿನಿಂದ ಪಾಸಿಟಿವ್ ಔಟ್‌ಪುಟ್‌ಗೆ ಒಂದು ದಿಕ್ಕಿನಲ್ಲಿ 0.4ರಿಂದ 0.7 ಬರಬೇಕು, ಕಡ್ಡಿ ಅದಲುಬದಲು ಮಾಡಿದರೆ ಏನೂ ಬರಬಾರದು. ನೆಗೆಟಿವ್ ಕಡೆಯೂ ಹಾಗೆಯೇ. ಎರಡೂ ದಿಕ್ಕಿನಲ್ಲಿ 0 ಬಂದರೆ ಡಯೋಡ್ ಶಾರ್ಟ್ ಆಗಿದೆ. ಆದರೆ ಸ್ಪ್ಲೆಂಡರ್ ಬಗೆಯ ನಾಲ್ಕು ಪಿನ್ನಿನ ಡಬ್ಬಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದರಲ್ಲಿರುವುದು ಎಸ್‌ಸಿಆರ್ (ಸಂಕೇತ ಸಿಕ್ಕಾಗ ಮಾತ್ರ ಕರೆಂಟು ಬಿಡುವ ಒಂದು ಬಗೆಯ ಡಯೋಡ್), ಚೆನ್ನಾಗಿದ್ದರೂ ಎರಡೂ ದಿಕ್ಕಿನಲ್ಲಿ ಏನೂ ತೋರಿಸದಿರಬಹುದು.

ರೆಗ್ಯುಲೇಟರ್ ಭಾಗವನ್ನು ಮೀಟರಿನಿಂದ ನೇರವಾಗಿ ಪರೀಕ್ಷಿಸಲಾಗದು. ಬ್ಯಾಟರಿ, ವೈರು, ಅರ್ಥ್, ಕಾಯಿಲ್ ಎಲ್ಲ ಸರಿ ಇದ್ದೂ ವೋಲ್ಟೇಜು ತಪ್ಪಾಗಿದ್ದರೆ ಉಳಿದಿರುವುದು ಅದೊಂದೇ. ಹೊಸದನ್ನು ಹಾಕುವಾಗ ಗಾಳಿ ತಾಗುವ ಜಾಗದಲ್ಲಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿಯಾಗಿ ಕೂರಿಸಿ. ಸೀಟಿನ ಕೆಳಗೆ ವೈರಿಗೆ ಜೋತುಬಿಟ್ಟ ಡಬ್ಬಿ ಬೇಸಿಗೆ ದಾಟುವುದು ಕಷ್ಟ. ಪಿನ್ನುಗಳ ಕ್ರಮ ಹಳೆಯದರಂತೆಯೇ ಇದೆಯೇ ನೋಡಿಕೊಳ್ಳಿ, ಕಪ್ಲರ್ ಕೂತಿತೆಂದ ಮಾತ್ರಕ್ಕೆ ವೈರಿಂಗ್ ಒಂದೇ ಎಂದಲ್ಲ.

## ಹಂತ 6: ಚಾರ್ಜ್ ಆದರೂ ಇಳಿಯುವ ಬ್ಯಾಟರಿ

ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆ ವೈರು ಮತ್ತು ಟರ್ಮಿನಲ್ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿ. ಏನೂ ಕಾಣದಿದ್ದರೆ ಮಾತ್ರ ಮಿಲಿಆಂಪಿಯರಿಗೆ ಇಳಿಸಿ. ಗಡಿಯಾರ, ಅಲಾರಂ ಇಲ್ಲದ ಹಳೆಯ ಗಾಡಿಯಲ್ಲಿ ಇದು ಹೆಚ್ಚುಕಡಿಮೆ ಸೊನ್ನೆ ಇರಬೇಕು. ಕೆಲವು ಮಿಲಿಆಂಪಿಯರ್ ದಾಟಿದರೆ ಮೊದಲು ರೆಕ್ಟಿಫೈಯರ್ ಕಪ್ಲರ್ ಕಳಚಿ ನೋಡಿ, ಸೋರುವ ಡಯೋಡ್ ಅಲ್ಲಿರುತ್ತದೆ. ನಂತರ ಹೊರಗಿನಿಂದ ಹಾಕಿಸಿದ ಮೊಬೈಲ್ ಚಾರ್ಜರ್, ಹಾರ್ನ್ ರಿಲೇಗಳನ್ನು ಒಂದೊಂದಾಗಿ ತೆಗೆಯಿರಿ. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಸೋರಿಕೆ ಇಲ್ಲದಿದ್ದರೆ ಬಳಕೆಯನ್ನೇ ಲೆಕ್ಕ ಹಾಕಬೇಕು. 55 ವಾಟಿನ ಎರಡು ಹ್ಯಾಲೊಜೆನ್ ಲೈಟುಗಳು 12 ವೋಲ್ಟಿನಲ್ಲಿ 9 ಆಂಪಿಯರಿಗಿಂತ ಹೆಚ್ಚು ಎಳೆಯುತ್ತವೆ. 100 ಸಿಸಿ ಗಾಡಿಯ ಕಾಯಿಲ್ ಅಷ್ಟು ಕೊಡಲು ಮಾಡಿದ್ದಲ್ಲ. ಹಾಗೆಯೇ ದಿನವಿಡೀ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್‌ವರೆಗಿನ ಓಡಾಟದಲ್ಲಿ ಹತ್ತಾರು ಸಲ ಸೆಲ್ಫ್ ಹೊಡೆದು ಐಡಲ್‌ನಲ್ಲೇ ನಿಲ್ಲುವ ಗಾಡಿಯ ಬ್ಯಾಟರಿ ತುಂಬಲು ಅವಕಾಶವೇ ಇರುವುದಿಲ್ಲ. ಅಂತಹವರು ಬೆಳಗಿನ ಮೊದಲ ಸ್ಟಾರ್ಟಿಗೆ ಕಿಕ್ ಬಳಸಿ, ತಿಂಗಳಿಗೊಮ್ಮೆ ಹೊರಗಿನ ಚಾರ್ಜರಿಗೆ ಹಾಕಿ.

## ಹಂತ 7: ಜೋಡಿಸಿದ ನಂತರದ ಪರಿಶೀಲನೆ

2ನೇ ಹಂತದ ಮೂರು ಅಳತೆಗಳನ್ನು ಮತ್ತೆ ತೆಗೆದು, ದಿನಾಂಕದೊಂದಿಗೆ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬರೆದು ಅಂಟಿಸಿ. ಮುಂದಿನ ಸಲ ಹೋಲಿಸಲು ಅದೇ ಆಧಾರ. ನಂತರ ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ನಿಲ್ಲಿಸಿದ ಕೂಡಲೇ ರೆಕ್ಟಿಫೈಯರಿನ ಕಪ್ಲರನ್ನು ಬೆರಳಿನಿಂದ ಮುಟ್ಟಿ. ಡಬ್ಬಿ ಬಿಸಿಯಾಗಿರುವುದು ಸಹಜ. ಕಪ್ಲರು ಡಬ್ಬಿಗಿಂತ ಹೆಚ್ಚು ಬಿಸಿಯಾಗಿದ್ದರೆ ಒಳಗೆ ಇನ್ನೂ ಒಂದು ಪಿನ್ನು ಸಡಿಲವಿದೆ, 3ನೇ ಹಂತವನ್ನು ಮತ್ತೆ ಮಾಡಬೇಕು.